ಕಪಾಟಿನಲ್ಲಿ ನಾವೆಲ್ಲಿದ್ದೇವೆ? ವಸ್ತುಸಂಗ್ರಹಾಲಯದ ಅಂಗಡಿಯಿಂದ ಮನೆಗೆ ತರಬೇಕಾದ ಕೆಲವು ಪುಸ್ತಕ, ಕೆಲವು ಸಂಗೀತ



ಕಳೆದ ಆಗಸ್ಟ್ ರಜೆಯಲ್ಲಿ ಸಂಘದ ಮಕ್ಕಳನ್ನು ಕರೆದುಕೊಂಡು ಕಸರಾನಿಯಿಂದ ನೈರೋಬಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಥೀಕಾ ಹೆದ್ದಾರಿಯಲ್ಲಿ ರಾಯ್‌ಸಾಂಬು, ಮುಥೈಗ, ಪಂಗಾನಿ ದಾಟಿ ಮ್ಯೂಸಿಯಂ ಹಿಲ್ ತಲುಪುವಷ್ಟರಲ್ಲಿ ಬೆಳಗಿನ ಉಪ್ಪಿಟ್ಟಿನ ಡಬ್ಬಗಳೆಲ್ಲ ಖಾಲಿಯಾಗಿದ್ದವು. ಮಕ್ಕಳು ಅಹ್ಮದ್ ಎಂಬ ಆನೆಯ ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಹಕ್ಕಿಗಳ ವಿಭಾಗದಲ್ಲಿ ಓಡಾಡಿದರು, ಕೊನೆಗೆ ಎಲ್ಲ ಪ್ರವಾಸಿಗರಂತೆ ಉಡುಗೊರೆಯ ಅಂಗಡಿಗೆ ಬಂದು ಸೇರಿದರು. ಮಣಿಸರ, ಮರದ ಜಿರಾಫೆ, ಬುಟ್ಟಿ, ಪುಸ್ತಕ. ಪ್ರತಿಯೊಂದು ಮಗುವಿನ ಕೈಯಲ್ಲಿಯೂ ಮನೆಯವರು ಕೊಟ್ಟ ಒಂದಿಷ್ಟು ಶಿಲ್ಲಿಂಗ್ ಇತ್ತು.

ಹತ್ತು ವರ್ಷದ ಒಬ್ಬ ಹುಡುಗಿ ಪುಸ್ತಕಗಳ ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ನಮ್ಮ ಕಡೆ ತಿರುಗಿ ಕೇಳಿದಳು: "ಅಂಕಲ್, ಇದರಲ್ಲಿ ನಾವು ಇರುವ ಪುಸ್ತಕ ಯಾವುದು?"

ನಮಗೆ ಉತ್ತರ ಹೊಳೆಯಲಿಲ್ಲ. ಕಪಾಟಿನದೇನೂ ತಪ್ಪಿರಲಿಲ್ಲ, ಅದನ್ನು ಓದಿಕೊಂಡು ಬಾರದೆ ಮಕ್ಕಳನ್ನು ಕರೆತಂದವರು ನಾವು. ಅವಳು ಒಂದು ಪೆನ್ಸಿಲ್ ಕೊಂಡುಕೊಂಡು ಬಸ್ಸು ಹತ್ತಿದಳು. ಆ ಪ್ರಶ್ನೆ ಮಾತ್ರ ನಮ್ಮ ಜೊತೆಗೆ ಕಸರಾನಿಗೆ ಬಂದಿತು. ಸಂಘದ ಮುಂದಿನ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗ, ಪ್ರಶ್ನೆ ತಂದವರೇ ಉತ್ತರವನ್ನೂ ತರಬೇಕೆಂಬ ನ್ಯಾಯದಂತೆ ಪಟ್ಟಿಯೊಂದನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ವೃತ್ತಿಯಿಂದ ನಾವು ವೈದ್ಯರು, ಇತಿಹಾಸಕಾರರಲ್ಲ. ರೋಗಿಯ ಹಿನ್ನೆಲೆಯನ್ನು ಕೇಳದೆ ಔಷಧ ಬರೆಯಬಾರದೆಂಬ ಪಾಠವೊಂದನ್ನು ಮಾತ್ರ ಇಲ್ಲಿಗೂ ತಂದಿದ್ದೇವೆ.

ನಮ್ಮ ಮೊದಲ ಪಟ್ಟಿಯಲ್ಲಿ ಹಂಪಿಯ ಚಿತ್ರಸಂಪುಟ, ಮೈಸೂರು ದಸರೆಯ ಪುಸ್ತಕ, ಹೊಯ್ಸಳ ಶಿಲ್ಪ, ದಾಸರ ಪದಗಳ ಧ್ವನಿಮುದ್ರಿಕೆ ಇದ್ದವು. ಅದನ್ನು ನೋಡಿದ ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದಿಟ್ಟು, "ಡಾಕ್ಟರೇ, ಇವೆಲ್ಲ ಒಳ್ಳೆಯವೇ. ಆದರೆ ಇದು ನಮ್ಮನ್ನು ನಾವೇ ಹೊಗಳಿಕೊಳ್ಳುವ ಪಟ್ಟಿ. ಈ ದೇಶದ ಮಣ್ಣು ಇದರಲ್ಲಿ ಎಲ್ಲಿದೆ?" ಎಂದರು. ಅವರ ಮಾತು ಸರಿಯಾಗಿತ್ತು. ಆ ಹುಡುಗಿ ಕೇಳಿದ್ದು ಕರ್ನಾಟಕ ಎಲ್ಲಿದೆ ಎಂದಲ್ಲ. ಈ ಊರಿನ ಕಥೆಯಲ್ಲಿ ತಾನೆಲ್ಲಿದ್ದೇನೆ ಎಂದು. ಹರಿದು ಹಾಕಿ ಮತ್ತೆ ಬರೆದ ಪಟ್ಟಿ ಇದು.

ಎಲುಬಿನಿಂದ ಆರಂಭ

ಈ ವಸ್ತುಸಂಗ್ರಹಾಲಯ ಹುಟ್ಟಿದ್ದು 1910ರಲ್ಲಿ, ಪ್ರಕೃತಿ ವಿಜ್ಞಾನದಲ್ಲಿ ಆಸಕ್ತರಾದವರ ಒಂದು ಸಂಘದಿಂದ. 1930ರಲ್ಲಿ ಮ್ಯೂಸಿಯಂ ಹಿಲ್‌ನ ಕಟ್ಟಡ ತೆರೆದಾಗ ಅದಕ್ಕೆ ಗವರ್ನರ್ ಕೊರಿಂಡನ್‌ನ ಹೆಸರಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1964ರಲ್ಲಿ, ಆ ಹೆಸರು ಹೋಗಿ ಅದು ರಾಷ್ಟ್ರದ್ದಾಯಿತು. ದೊಡ್ಡ ನವೀಕರಣದ ಬಳಿಕ ಇಂದಿನ ರೂಪದಲ್ಲಿ ಮತ್ತೆ ಬಾಗಿಲು ತೆರೆದದ್ದು 2008ರಲ್ಲಿ. ಹೆಸರು ಬದಲಾದರೂ ಅದರ ಹೃದಯ ಮಾತ್ರ ಎಲುಬುಗಳಲ್ಲಿದೆ.

1984ರಲ್ಲಿ ತುರ್ಕಾನಾ ಸರೋವರದ ಪಶ್ಚಿಮಕ್ಕೆ ನರಿಯೊಕೊಟೊಮೆ ಎಂಬಲ್ಲಿ ಕಮೋಯಾ ಕಿಮೆಯು ಎಂಬ ಕೀನ್ಯಾದ ಶೋಧಕರ ಕಣ್ಣಿಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ತಲೆಬುರುಡೆಯ ಚೂರು ಬಿದ್ದಿತು. ಅಗೆದಾಗ ದೊರೆತದ್ದು ಸುಮಾರು 15 ಲಕ್ಷ ವರ್ಷಗಳ ಹಿಂದಿನ ಬಾಲಕನೊಬ್ಬನ ಬಹುಪಾಲು ಪೂರ್ಣ ಅಸ್ಥಿಪಂಜರ. ಅವನೇ 'ತುರ್ಕಾನಾ ಬಾಲಕ'. ಅವನ ಕೆಳದವಡೆಯಲ್ಲಿ, ಹಾಲುಹಲ್ಲು ಬಿದ್ದ ಜಾಗದಲ್ಲಿ, ಸೋಂಕಿನ ಗುರುತುಗಳಿವೆ. ಆ ಸೋಂಕು ರಕ್ತಕ್ಕೆ ಹರಡಿ ಅವನು ತೀರಿಕೊಂಡಿರಬಹುದೆಂದು ಕೆಲವು ತಜ್ಞರು ಊಹಿಸಿದ್ದಾರೆ. ಹಲ್ಲುನೋವೆಂದು ಅಳುತ್ತಾ ಬರುವ ಮಕ್ಕಳನ್ನು ದಿನವೂ ನೋಡುವ ನಮಗೆ ಆ ಗಾಜಿನ ಮುಂದೆ ನಿಂತಾಗ ಮೊದಲು ನೆನಪಾದದ್ದು ಅವನ ವಯಸ್ಸೇ ಹೊರತು ಅವನ ಪ್ರಾಚೀನತೆಯಲ್ಲ. ಒಂದು ಆ್ಯಂಟಿಬಯಾಟಿಕ್ ಇದ್ದಿದ್ದರೆ ಎಂಬ ಅಸಂಬದ್ಧ ಯೋಚನೆಯೂ ಬಂದಿತು.

ಆದ್ದರಿಂದ ಪಟ್ಟಿಯ ಮೊದಲ ಪುಸ್ತಕ ಕನ್ನಡದ್ದೇ: ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ 'ಮಿಸ್ಸಿಂಗ್ ಲಿಂಕ್'. ಮನುಷ್ಯ ತನ್ನ ಪೂರ್ವಜರನ್ನು ಹುಡುಕಿಕೊಂಡು ಹೋದ ಕಥೆಯನ್ನು ತೇಜಸ್ವಿ ಮೂಡಿಗೆರೆಯಲ್ಲಿ ಕುಳಿತು ಕನ್ನಡದ ಓದುಗರಿಗೆ ಹೇಳಿದರು. ಆ ಹುಡುಕಾಟದ ಪ್ರಮುಖ ನೆಲಗಳಲ್ಲಿ ಒಂದು ನಾವು ವಾಸಿಸುವ ಈ ದೇಶ. ಮಲೆನಾಡಿನ ಬಾಲಕನೊಬ್ಬ ಚಿತ್ರದಲ್ಲಿ ನೋಡಿ ಬೆರಗಾಗುವುದನ್ನು ನಮ್ಮ ಮಕ್ಕಳು ಅರ್ಧ ಗಂಟೆಯ ಪ್ರಯಾಣದಲ್ಲಿ ಕಣ್ಣಾರೆ ಕಾಣಬಹುದು. ಪುಸ್ತಕವನ್ನು ಮೊದಲು ಓದಿ, ಆಮೇಲೆ ಮಕ್ಕಳೊಂದಿಗೆ ಹೋಗಿ ಎಂಬುದು ನಮ್ಮ ಸಲಹೆ. 'ನಾವು ಇರುವ ಪುಸ್ತಕ' ಎಂಬ ಪ್ರಶ್ನೆಗೆ ಇದು ಅತ್ಯಂತ ಹಳೆಯ ಉತ್ತರ: ಆ ಎಲುಬುಗಳಲ್ಲಿ ಎಲ್ಲರೂ ಇದ್ದಾರೆ.

ರೈಲು ಮತ್ತು ಪಿಡುಗು

ಭಾರತೀಯರ ಕಥೆ ಎಂದೊಡನೆ ಎಲ್ಲರೂ ರೈಲಿನ ಕಡೆ ಬೆರಳು ತೋರಿಸುತ್ತಾರೆ. 1896ರಲ್ಲಿ ಮೊಂಬಾಸಾದಲ್ಲಿ ಆರಂಭವಾದ ಯುಗಾಂಡಾ ರೈಲುಮಾರ್ಗ 1899ರಲ್ಲಿ ನೈರೋಬಿ ಎಂಬ ಜೌಗುನೆಲವನ್ನು ತಲುಪಿತು. 1901ರಲ್ಲಿ ಸರೋವರದ ದಡ ಸೇರಿತು. ಇದಕ್ಕಾಗಿ ಭಾರತದಿಂದ ಕರಾರಿನ ಮೇಲೆ ತಂದ ಕೂಲಿಗಳು 31,983 ಮಂದಿ. ಅವರಲ್ಲಿ 2,493 ಮಂದಿ ಸತ್ತರು. 582 ಮೈಲಿಗಳ ಹಾದಿಗೆ ಭಾಗಿಸಿದರೆ ಮೈಲಿಯೊಂದಕ್ಕೆ ನಾಲ್ಕಕ್ಕಿಂತ ಹೆಚ್ಚು ಜೀವ. ಇನ್ನೂ ಆರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸಕ್ಕೆ ಅಸಮರ್ಥರಾಗಿ ಹಿಂದಿರುಗಿದರು. ಹೆಚ್ಚುಕಡಿಮೆ ಅಷ್ಟೇ ಮಂದಿ ಇಲ್ಲಿಯೇ ಉಳಿದರು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆ ಕೂಲಿಗಳಲ್ಲಿ ಬಹುಪಾಲು ಪಂಜಾಬಿನವರು. ಹಿಂದೆಯೇ ಬಂದು ಅಂಗಡಿ ತೆರೆದವರಲ್ಲಿ ಬಹುಪಾಲು ಗುಜರಾತಿನವರು. ಬ್ಯಾಂಕು, ಆಸ್ಪತ್ರೆ, ಔಷಧ ಕಂಪನಿ, ಸಾಫ್ಟ್‌ವೇರ್ ಕೆಲಸಗಳಿಗೆಂದು ವಿಮಾನದಲ್ಲಿ ಬಂದ ನಮ್ಮಂಥವರು ಆ ಹಾದಿಯ ಕಷ್ಟವನ್ನು ನಮ್ಮದೆಂದು ಹೇಳಿಕೊಳ್ಳುವಂತಿಲ್ಲ. ಗೌರವದಿಂದ ಓದಬಹುದು, ಅಷ್ಟೆ.

ಪ್ರವಾಸಿಗರು ಹೆಚ್ಚಾಗಿ ಕೊಳ್ಳುವುದು ಕರ್ನಲ್ ಪ್ಯಾಟರ್‌ಸನ್ 1907ರಲ್ಲಿ ಪ್ರಕಟಿಸಿದ ಸಾವೊ ನರಭಕ್ಷಕ ಸಿಂಹಗಳ ಪುಸ್ತಕವನ್ನು. ಕೆನೆತ್ ಆಂಡರ್‌ಸನ್‌ನನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ನಮಗೆ ಆ ರೋಮಾಂಚನ ಅಪರಿಚಿತವಲ್ಲ. ಕೊಳ್ಳಿ, ಆದರೆ ಮಕ್ಕಳಿಗೆ ಒಂದು ವಿಷಯವನ್ನು ತೋರಿಸಿ. ಸಿಂಹಗಳಿಗೆ ಬಲಿಯಾದ ಭಾರತೀಯ ಕೂಲಿಗಳು 28 ಎಂದು ಲೆಕ್ಕ ಕೊಡುವ ಲೇಖಕ, ಸತ್ತ ಆಫ್ರಿಕನ್ನರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲವೆಂದು ಅದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಯಾರ ಸಾವನ್ನು ಎಣಿಸಲಾಯಿತು, ಯಾರದನ್ನು ಎಣಿಸಲಿಲ್ಲ ಎಂಬುದೇ ಆ ಪುಸ್ತಕದ ಇತಿಹಾಸಪಾಠ. ಆ ಎರಡು ಸಿಂಹಗಳ ಚರ್ಮವನ್ನು ಲೇಖಕನೇ 1924ರಲ್ಲಿ ಮಾರಿದನು. ಅವು ಇಂದಿಗೂ ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿವೆ.

ಅದರ ಪಕ್ಕದಲ್ಲಿ ಇಡಬೇಕಾದದ್ದು ಸಿಂಥಿಯಾ ಸಾಲ್ವದೋರಿಯವರ 'ಥ್ರೂ ಓಪನ್ ಡೋರ್ಸ್' ಮತ್ತು ಮೂರು ಸಂಪುಟಗಳ 'ವಿ ಕೇಮ್ ಇನ್ ಧೌಸ್'. ಹಾಯಿಹಡಗುಗಳಲ್ಲಿ ಬಂದ ಭಾರತೀಯ ಕುಟುಂಬಗಳ ನೆನಪುಗಳನ್ನು ಅವರವರ ಬಾಯಿಂದಲೇ ಕೇಳಿ ಬರೆದಿಟ್ಟ ಗ್ರಂಥ ಎರಡನೆಯದು. ಕಾಯಿಲೆಯ ವಿವರವನ್ನು ರೋಗಿಯ ಮಾತಿನಲ್ಲಿಯೇ ದಾಖಲಿಸಬೇಕೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಸಾಲ್ವದೋರಿ ಮಾಡಿರುವುದು ಅದನ್ನೇ.

ಆ ಕಾಲದ ವೈದ್ಯರೊಬ್ಬರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಗೋವಾ ಮೂಲದ ಡಾ. ರೊಸೆಂಡೊ ರಿಬೈರೊ ನೈರೋಬಿಯ ಮೊದಲ ಖಾಸಗಿ ವೈದ್ಯರೆಂದು ಪ್ರಸಿದ್ಧರು. ಜೀಬ್ರಾ ಏರಿ ರೋಗಿಗಳ ಮನೆಗೆ ಹೋಗುತ್ತಿದ್ದರು. 1902ರಲ್ಲಿ ಭಾರತೀಯ ಬಜಾರಿನಲ್ಲಿ ಪ್ಲೇಗನ್ನು ಗುರುತಿಸಿದವರು ಅವರೇ. ಸರ್ಕಾರದ ವೈದ್ಯಾಧಿಕಾರಿ ಇಡೀ ಬಜಾರಿಗೆ ಬೆಂಕಿ ಇಡಿಸಿದನು. ಇದೇ ಪ್ಲೇಗು 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂದಿತ್ತು. ಬೆಂಗಳೂರಿನ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ಕರೆತರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ರೂಪಿಸಿದ್ದು ಆ ದಿನಗಳಲ್ಲಿಯೇ. ಒಂದೇ ಪಿಡುಗು ಒಂದು ಊರಿನಲ್ಲಿ ಬಡಾವಣೆಯಾಗಿ, ಇನ್ನೊಂದು ಊರಿನಲ್ಲಿ ಬೂದಿಯಾಗಿ ನೆನಪಿನಲ್ಲಿ ಉಳಿದಿದೆ. ನಮ್ಮಲ್ಲಿ ಮಲ್ಲೇಶ್ವರದಿಂದ ಬಂದ ಕುಟುಂಬಗಳು ಮೂರು ಇವೆ. ಅವರಿಗೆ ಈ ನೆಂಟಸ್ತಿಕೆ ಗೊತ್ತಿರಲಿಲ್ಲ.

ಬಳ್ಳಾರಿ, ಧಾರವಾಡ, ಸಿಟಿ ಪಾರ್ಕ್

ಈ ಪಟ್ಟಿಯನ್ನು ಮಾಡುವಾಗ ನಮಗೆ ದೊರೆತ ದೊಡ್ಡ ಉಡುಗೊರೆ ಜೋಸೆಫ್ ಮುರುಂಬಿ.

ಕೀನ್ಯಾದ ಎರಡನೆಯ ಉಪಾಧ್ಯಕ್ಷರಾದ ಮುರುಂಬಿ ಹುಟ್ಟಿದ್ದು 1911ರಲ್ಲಿ, ಎಲ್ಡಾಮಾ ರವೀನ್‌ನಲ್ಲಿ. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ. ಎಳೆಯ ವಯಸ್ಸಿನಲ್ಲಿಯೇ ಅವರನ್ನು ಓದಲೆಂದು ಹಡಗು ಹತ್ತಿಸಿ ಕಳುಹಿಸಿದ್ದು ಬೆಂಗಳೂರಿಗೆ. ಮುಂದೆ ಓದಿದ್ದು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ. ಬಾಲ್ಯ, ಹದಿಹರೆಯಗಳನ್ನು ನಮ್ಮ ನಾಡಿನಲ್ಲಿ ಕಳೆದು 1930ರ ದಶಕದಲ್ಲಿ ತಾಯ್ನಾಡಿಗೆ ಮರಳಿ, ತಾಯಿಯ ಮನೆತನದ ಮುರುಂಬಿ ಎಂಬ ಹೆಸರನ್ನು ಧರಿಸಿದರು. 1952ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ನಾಯಕರೆಲ್ಲ ಸೆರೆಯಾದಾಗ ಕೀನ್ಯಾ ಆಫ್ರಿಕನ್ ಯೂನಿಯನ್ನಿನ ಹೊಣೆ ಹೊತ್ತವರಲ್ಲಿ ಅವರೊಬ್ಬರು. ಬಳಿಕ ಲಂಡನ್ನಿನಲ್ಲಿ ವರ್ಷಗಟ್ಟಲೆ ದೇಶಭ್ರಷ್ಟರಾಗಿದ್ದರು. ಸ್ವತಂತ್ರ ಕೀನ್ಯಾದಲ್ಲಿ ವಿದೇಶಾಂಗ ಸಚಿವರಾಗಿ, 1966ರಲ್ಲಿ ಉಪಾಧ್ಯಕ್ಷರಾಗಿ, ಕೆಲವೇ ತಿಂಗಳಲ್ಲಿ ಆ ಪದವಿಯನ್ನು ತಾವಾಗಿಯೇ ಬಿಟ್ಟರು.

ಪದವಿಗಿಂತ ದೊಡ್ಡದು ಅವರ ಸಂಗ್ರಹ. ಸಾವಿರಾರು ಪುಸ್ತಕ, ಅಂಚೆಚೀಟಿ, ಆಫ್ರಿಕದ ನೇಯ್ಗೆ, ಆಭರಣ, ಶಿಲ್ಪ. 1970ರ ದಶಕದ ಆರಂಭದಲ್ಲಿ ಅಲನ್ ಡೊನೊವನ್ ಎಂಬ ಅಮೆರಿಕನ್ ಗೆಳೆಯನೊಡನೆ ನೈರೋಬಿಯಲ್ಲಿ 'ಆಫ್ರಿಕನ್ ಹೆರಿಟೇಜ್' ಎಂಬ ಕಲಾಮಳಿಗೆಯನ್ನು ತೆರೆದರು. ಇಡೀ ಖಂಡದ ಕುಶಲಕರ್ಮಿಗಳ ವಸ್ತುಗಳನ್ನು ಒಂದೆಡೆ ತಂದು, ಅವುಗಳ ಹಿಂದಿನ ಜನರ ಪರಿಚಯದೊಂದಿಗೆ ಮಾರುವ ಮಳಿಗೆ. ಅಂದರೆ, ನಾವು ಇಂದು ಚರ್ಚಿಸುತ್ತಿರುವ ಇಂಥ ಅಂಗಡಿ ಹೇಗಿರಬೇಕೆಂದು ಈ ಊರಿಗೆ ತೋರಿಸಿಕೊಟ್ಟವರು ಬಳ್ಳಾರಿಯಲ್ಲಿ ಓದಿದ ಒಬ್ಬರು.

ಕಸರಾನಿಯಿಂದ ಪೇಟೆಗೆ ಹೋಗುವಾಗ ನಾವು ದಾಟುವ ಮುಥೈಗದಲ್ಲಿ ಅವರ ಮನೆ ಇತ್ತು. ಅದು ಆಫ್ರಿಕದ ಅಧ್ಯಯನ ಕೇಂದ್ರವಾಗಿ ಉಳಿಯಬೇಕೆಂಬುದು ಅವರ ಆಸೆ. ಅದು ಕೈಗೂಡಲಿಲ್ಲ, ಮನೆ ನೆಲಸಮವಾಯಿತು. ಪುಸ್ತಕಗಳು ಮತ್ತು ಕಲಾಕೃತಿಗಳ ಬಹುಭಾಗ ಮಾತ್ರ ರಾಷ್ಟ್ರೀಯ ಪತ್ರಾಗಾರದಲ್ಲಿ, ಮುರುಂಬಿ ಗ್ಯಾಲರಿಯಲ್ಲಿ ಉಳಿದಿವೆ. ಮೊಯ್ ಅವೆನ್ಯೂ ಕಡೆ ಹೋದಾಗ ಒಮ್ಮೆ ಒಳಗೆ ಹೋಗಿ ಬನ್ನಿ. ಅವರ ಬದುಕನ್ನು ಹೇಳುವ 'ಎ ಪಾತ್ ನಾಟ್ ಟೇಕನ್' ನಮ್ಮ ಪಟ್ಟಿಯ ಎರಡನೆಯ ಮುಖ್ಯ ಪುಸ್ತಕ.

1990ರಲ್ಲಿ ತೀರಿಕೊಂಡ ಮುರುಂಬಿ ಮಣ್ಣಾಗಲು ಬಯಸಿದ್ದು ನೈರೋಬಿಯ ಸಿಟಿ ಪಾರ್ಕಿನಲ್ಲಿ, ಗೆಳೆಯ ಪಿಯೊ ಗಾಮಾ ಪಿಂಟೊ ಸಮಾಧಿಯ ಹತ್ತಿರ. ಈ ಪಿಂಟೊ ಯಾರು? 1927ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದವರು. ಎಂಟನೆಯ ವಯಸ್ಸಿನಲ್ಲಿ ಭಾರತಕ್ಕೆ ಓದಲು ಹೋಗಿ, ಗೋವಾದಲ್ಲಿ ಮೆಟ್ರಿಕ್ ಮುಗಿಸಿ, ಎರಡು ವರ್ಷ ವಿಜ್ಞಾನ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ! 1949ರಲ್ಲಿ ಕೀನ್ಯಾಕ್ಕೆ ಮರಳಿ ಪತ್ರಕರ್ತರಾಗಿ, ಕಾರ್ಮಿಕ ಸಂಘಟಕರಾಗಿ, ಮಾವು ಮಾವು ಹೋರಾಟಗಾರರಿಗೆ ನೆರವಾಗಿ, 1954ರಿಂದ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಸ್ವತಂತ್ರ ಕೀನ್ಯಾದ ಸಂಸದರಾಗಿದ್ದಾಗ, 1965ರ ಫೆಬ್ರವರಿ 24ರಂದು, ಮನೆಯ ಗೇಟಿನಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗಳಿದ್ದಳು. ಅವರಿಗಾಗ 37 ವರ್ಷ. ಆ ಹತ್ಯೆ ಮುರುಂಬಿಯವರನ್ನು ಒಳಗಿನಿಂದ ಮುರಿಯಿತೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಶಿರಾಜ್ ದುರ್ರಾನಿ ಸಂಪಾದಿಸಿದ ಪಿಂಟೊ ಕುರಿತ ಗ್ರಂಥವನ್ನು ಹದಿನೈದು ದಾಟಿದ ಮಕ್ಕಳಿಗೆ ಕೊಡಿ. ಜೊತೆಗೆ ಜರೀನಾ ಪಟೇಲ್ ಬರೆದ ಮಖನ್ ಸಿಂಗ್ ಜೀವನಚರಿತ್ರೆ 'ಅನ್‌ಕ್ವಾಯೆಟ್' ಇರಲಿ. 1950ರಲ್ಲಿಯೇ ಪೂರ್ಣ ಸ್ವಾತಂತ್ರ್ಯವನ್ನು ಬಹಿರಂಗವಾಗಿ ಕೇಳಿ ಹನ್ನೊಂದು ವರ್ಷ ಬಂಧನದಲ್ಲಿದ್ದವರು ಮಖನ್ ಸಿಂಗ್.

ಮುರುಂಬಿ, ಪಿಂಟೊ ಇಬ್ಬರೂ ಕನ್ನಡಿಗರಲ್ಲ. ಹಾಗೆ ಕರೆಯುವುದು ಹಿರಿಯರು ಎಚ್ಚರಿಸಿದ ಅದೇ ತಪ್ಪನ್ನು ಮತ್ತೊಮ್ಮೆ ಮಾಡಿದಂತೆ. ಆದರೆ ಬಳ್ಳಾರಿಯ ಬಿಸಿಲನ್ನೂ ಧಾರವಾಡದ ಮಳೆಯನ್ನೂ ಕಂಡ ಇಬ್ಬರು ವಸ್ತುಸಂಗ್ರಹಾಲಯಕ್ಕೆ ಹತ್ತಿರದ ಉದ್ಯಾನವೊಂದರಲ್ಲಿ ಮಲಗಿದ್ದಾರೆ. ಈ ದೇಶವನ್ನು ತಮ್ಮದೆಂದು ಅವರು ಬಾಯಿಮಾತಿನಲ್ಲಿ ಹೇಳಲಿಲ್ಲ, ಬದುಕನ್ನು ಕೊಟ್ಟು ಹೇಳಿದರು. 2000ದಲ್ಲಿ ಇದೇ ವಸ್ತುಸಂಗ್ರಹಾಲಯದಲ್ಲಿ ಏಷ್ಯನ್ ಆಫ್ರಿಕನ್ನರ ಪರಂಪರೆಯ ಪ್ರದರ್ಶನ ನಡೆದಾಗಲೂ, 2017ರಲ್ಲಿ ಏಷ್ಯನ್ ಮೂಲದವರನ್ನು ಸರ್ಕಾರ ಕೀನ್ಯಾದ 44ನೆಯ ಜನಾಂಗವೆಂದು ಘೋಷಿಸಿದಾಗಲೂ, ಆ ಗೌರವದ ಹಿಂದೆ ಇಂಥವರ ಋಣವಿತ್ತು.

ಕಡಲಿನ ಎರಡು ದಡ

ರೈಲಿಗಿಂತ ಹಳೆಯದು ಕಡಲು. ಅಮಿತಾವ್ ಘೋಷರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮತ್ತು ಅವನ ತುಳುನಾಡಿನ ಸೇವಕ ಬೊಮ್ಮನನ್ನು ಹುಡುಕುತ್ತದೆ. ಮಂಗಳೂರು, ಏಡನ್, ಕೈರೊಗಳ ನಡುವೆ ಮೆಣಸು, ಕಬ್ಬಿಣ, ಪತ್ರಗಳು ಓಡಾಡುತ್ತಿದ್ದ ಕಾಲ. ಕೈರೊದ ಹಳೆಯ ಪ್ರಾರ್ಥನಾಮಂದಿರದ ಕಾಗದಗಳ ರಾಶಿಯಲ್ಲಿ ಉಳಿದ ಒಂದು ಹೆಸರಿನಿಂದ ಇಡೀ ಲೋಕ ಎದ್ದು ಬರುತ್ತದೆ. ಕರಾವಳಿಯ ನಮ್ಮ ಸದಸ್ಯರು ತಪ್ಪದೆ ಓದಬೇಕಾದ ಪುಸ್ತಕ.

ಕಡಲು ಜನರನ್ನು ಆ ಕಡೆಗೂ ಒಯ್ದಿತು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಆಫ್ರಿಕ ಮೂಲದ ಇಖ್ಲಾಸ್ ಖಾನ್ ಪ್ರಧಾನ ಅಧಿಕಾರಿಯಾಗಿದ್ದನು. ಆದರೆ ಎಲ್ಲರೂ ಅಧಿಕಾರಿಗಳಾಗಲಿಲ್ಲ. ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಗುಲಾಮರನ್ನಾಗಿ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆ ನಿಂತರು. ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಸಿದ್ದಿಗಳು ಅವರ ಮಕ್ಕಳು. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರೂ ಇದ್ದಾರೆ. ಕನ್ನಡ, ಕೊಂಕಣಿ ಮಾತನಾಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರೊಡನೆ ಆಡಿಸಿದ 'ಕಪ್ಪು ಜನ ಕೆಂಪು ನೆರಳು' ನಾಟಕಕ್ಕೆ ಮೂಲ ನೈಜೀರಿಯದ ಚಿನುವ ಅಚಿಬೆಯವರ ಮೊದಲ ಕಾದಂಬರಿ. ಆಫ್ರಿಕದ ಕಥೆಯನ್ನು ಆಫ್ರಿಕ ಮೂಲದ ಕನ್ನಡಿಗರು ಕನ್ನಡದಲ್ಲಿ ಆಡಿದರು. ಆ ಕಾದಂಬರಿ ಇಲ್ಲಿನ ಯಾವ ಪುಸ್ತಕದಂಗಡಿಯಲ್ಲಿಯೂ ಸಿಗುತ್ತದೆ. ಅದರ ಮೇಲೆ ಈ ಒಂದು ವಾಕ್ಯವನ್ನು ಬರೆದು ಮಕ್ಕಳಿಗೆ ಕೊಡಿ.

ಕೇಳಬೇಕಾದ ಸಂಗೀತ

ಸಂಗೀತದಲ್ಲಿ ಮೊದಲ ಹೆಸರು ಜಾಂಜಿಬಾರಿನ ಸಿತಿ ಬಿಂತಿ ಸಾದ್. ಬಡತನದಲ್ಲಿ ಹುಟ್ಟಿ, ಮಡಕೆ ಮಾರುತ್ತಿದ್ದ ಈ ಹೆಂಗಸು ತಾರಬ್ ಗಾಯನದಲ್ಲಿ ಹೆಸರು ಮಾಡಿ, 1928ರಲ್ಲಿ ತಂಡದೊಂದಿಗೆ ಹಡಗು ಹತ್ತಿ ಮುಂಬಯಿಗೆ ಹೋಗಿ ಎಚ್‌ಎಂವಿ ಕಂಪನಿಗೆ ಸ್ವಾಹಿಲಿ ಹಾಡುಗಳನ್ನು ಧ್ವನಿಮುದ್ರಿಸಿದರು. ಪೂರ್ವ ಆಫ್ರಿಕದ ಹೆಣ್ಣಿನ ದನಿ ತಟ್ಟೆಗೆ ಇಳಿದದ್ದು ಆಗಲೇ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯಂಥವರು ಹಾಡಲೆಂದು ಹೋಗಿ ಸೇರಿದ್ದೂ ಅದೇ ಮುಂಬಯಿಗೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕುರಿತು ಬರೆದ ಕನ್ನಡ ಪುಸ್ತಕವನ್ನು ಸಿತಿಯವರ ಹಾಡಿನ ಜೊತೆಗಿಟ್ಟು ಓದಿದರೆ, ಕಡಲಿನ ಎರಡು ದಡದ ಹೆಣ್ಣುಮಕ್ಕಳು ದಾಟಿದ ಹೊಸ್ತಿಲು ಒಂದೇ ಎಂದು ತಿಳಿಯುತ್ತದೆ.

ಮೊಂಬಾಸಾದ ತಾರಬ್ ಗಾಯಕ ಜುಮಾ ಬಾಲೊ ಹಿಂದಿ ಚಿತ್ರಗೀತೆಗಳ ಧಾಟಿಯಲ್ಲಿ ಸ್ವಾಹಿಲಿ ಹಾಡಿದವರು. ಅವರನ್ನು ಕೇಳಿಸಿದರೆ ಅಜ್ಜಿಯರೂ ಕಿವಿ ನಿಮಿರಿಸುತ್ತಾರೆ. ಮೊಂಬಾಸಾದ ಅಸ್ಸಾನಂದ್ ಎಂಬ ಭಾರತೀಯರ ಅಂಗಡಿಯ 'ಮ್ಜೂರಿ' ಮುದ್ರೆಯ ತಟ್ಟೆಗಳಲ್ಲಿ ಕರಾವಳಿಯ ಎಷ್ಟೋ ಹಾಡುಗಳು ಉಳಿದಿವೆ. ನೈರೋಬಿಯ ಕೆಟೆಬುಲ್ ಮ್ಯೂಸಿಕ್ ಸಂಸ್ಥೆ 2008ರಲ್ಲಿ ತಂದ ಬೆಂಗಾ ಸಂಗೀತದ ಸಂಪುಟದಲ್ಲಿ ಹಾಡು, ಚಿತ್ರ, ಪುಸ್ತಿಕೆ ಮೂರೂ ಇವೆ. ವಸ್ತುಸಂಗ್ರಹಾಲಯದ ಅಂಗಡಿಗೆಂದೇ ಹೇಳಿ ಮಾಡಿಸಿದಂತಿದೆ. ಎಂಟು ತಂತಿಯ ನ್ಯಾತಿತಿ ನುಡಿಸುತ್ತಿದ್ದ ಅಯೂಬ್ ಒಗಾದಾ 1993ರಲ್ಲಿ ತಂದ 'ಎನ್ ಮನಾ ಕುಓಯೊ' ರಾತ್ರಿ ಕೆಲಸ ಮುಗಿಸಿ ಬರುವವರಿಗೆ ನಮ್ಮ ಶಿಫಾರಸು.

ಕೊನೆಯದಾಗಿ ಸಿದ್ದಿಗಳ ಡಮಾಮಿ. ಕಸರಾನಿಯಲ್ಲಿ ಸಂಘ ನಡೆಸುವ ಉಚಿತ ತಪಾಸಣಾ ಶಿಬಿರದ ಬಿಡುವಿನಲ್ಲಿ, ನಮ್ಮೊಡನೆ ಕೆಲಸ ಮಾಡುವ ಕಿಸುಮು ಕಡೆಯ ದಾದಿಯೊಬ್ಬರಿಗೆ ಫೋನಿನಲ್ಲಿದ್ದ ಡಮಾಮಿ ಕುಣಿತವನ್ನು ತೋರಿಸಿದೆವು. ಅವರ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. "ಭಾಷೆ ಗೊತ್ತಾಗುತ್ತಿಲ್ಲ. ಇವರು ಯಾವ ಊರಿನವರು?" ಎಂದರು. "ನಮ್ಮ ಊರಿನವರು" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿಗೆ ಹೇಗೆ ಹೋದರು?" ಎಂದು ಕೇಳಿದರು. ಮಾರಿ ಒಯ್ದರು ಎಂದು ಹೇಳಬೇಕಾಯಿತು. ಅವರು ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ನಾವಿಬ್ಬರೂ ಬೇರೇನೂ ಮಾತನಾಡಲಿಲ್ಲ. ನಮ್ಮ ಎರಡು ನಾಡುಗಳ ನಂಟಿನಲ್ಲಿ ವ್ಯಾಪಾರ ಇದೆ, ಗೆಳೆತನ ಇದೆ, ಈ ಗಾಯವೂ ಇದೆ. ಮಕ್ಕಳಿಗೆ ಕೊಡುವ ಪಟ್ಟಿಯಿಂದ ಗಾಯವನ್ನು ತೆಗೆದುಹಾಕುವುದು ವೈದ್ಯರಾದ ನಮಗೆ ಸರಿಕಾಣಲಿಲ್ಲ.

ತಾಯ್ನುಡಿಯ ಕಪಾಟು

ಕಸರಾನಿಯಿಂದ ಹೆಚ್ಚು ದೂರವಿಲ್ಲದ ಕಮಿತಿ ಸೆರೆಮನೆಯನ್ನು ನಾವೆಲ್ಲ ಬಲ್ಲೆವು. ಕಮಿರೀಥು ಹಳ್ಳಿಯ ಜನರೊಡನೆ ಗಿಕುಯು ಭಾಷೆಯಲ್ಲಿ ನಾಟಕವಾಡಿಸಿದ್ದಕ್ಕಾಗಿ ಗೂಗಿ ವಾ ಥಿಯಾಂಗೋ ಅವರನ್ನು 1977ರ ಕೊನೆಯ ದಿನ ಬಂಧಿಸಿ ಅಲ್ಲಿಟ್ಟಿದ್ದರು. ಶೌಚಾಲಯದ ಕಾಗದದ ಮೇಲೆ, ಗಿಕುಯು ಭಾಷೆಯಲ್ಲಿಯೇ, ಅವರು ಅಲ್ಲಿ ಕಾದಂಬರಿ ಬರೆದರು. ಇಂಗ್ಲಿಷಿನಲ್ಲಿ ಅದು 'ಡೆವಿಲ್ ಆನ್ ದ ಕ್ರಾಸ್'. ತಾಯ್ನುಡಿಯಲ್ಲಿ ಬರೆಯುವುದೇಕೆ ಎಂಬುದನ್ನು 1986ರ 'ಡಿಕಾಲನೈಸಿಂಗ್ ದ ಮೈಂಡ್'ನಲ್ಲಿ ವಿವರಿಸಿದರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ, ನಮ್ಮ ಮನೆಯ ಮಕ್ಕಳಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಅವರು ಶ್ರದ್ಧೆಯಿಂದ ಕೇಳಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆಯೇ ನಡೆಯುತ್ತಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಬೈದರೆ ಭಾಷೆ ಬರುವುದಿಲ್ಲ; ಕೈಗೆ ಪುಸ್ತಕ ಬಂದರೆ ಬಂದೀತು. ಆದ್ದರಿಂದ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದ ಮಕ್ಕಳ ಕುತೂಹಲ ಆರುವ ಮುನ್ನ ಮನೆಯಲ್ಲಿ ಇರಬೇಕಾದ ಕನ್ನಡ ಪುಸ್ತಕಗಳು ಇವು: ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ಕಟ್ಟಿದ 'ಬಾಲಪ್ರಪಂಚ', ಸಸ್ಯಗಳನ್ನು ಹುಡುಕಿ ಹೊರಟ ಪ್ರವಾಸವನ್ನು ನಗುನಗುತ್ತಾ ಹೇಳುವ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಕ್ಕ ತೇಜಸ್ವಿಯವರ 'ಕರ್ವಾಲೊ'. ಇವುಗಳ ಪಕ್ಕದಲ್ಲಿ ವಂಗಾರಿ ಮಾತಾಯಿಯವರ ಆತ್ಮಕಥೆ 'ಅನ್‌ಬೋಡ್' ಇರಲಿ. ನಾವು ಮ್ಯೂಸಿಯಂ ಹಿಲ್‌ಗೆ ಹೋಗುವ ರಸ್ತೆಗೆ ಈಗ ಅವರದೇ ಹೆಸರು. ಸಾಲುಮರದ ತಿಮ್ಮಕ್ಕನ ಕಥೆ ಬಲ್ಲ ಮಕ್ಕಳಿಗೆ ಮಾತಾಯಿಯವರನ್ನು ಪರಿಚಯಿಸಲು ಕಷ್ಟವೇನೂ ಇಲ್ಲ.

ಈ ಪಟ್ಟಿಯ ಇಂಗ್ಲಿಷ್ ರೂಪವನ್ನು, ಮುರುಂಬಿ ಮತ್ತು ಪಿಂಟೊ ಅವರ ಕರ್ನಾಟಕದ ವಿದ್ಯಾಭ್ಯಾಸವನ್ನು ತಿಳಿಸುವ ಒಂದು ಪುಟದೊಂದಿಗೆ, ಅಂಗಡಿಯವರ ಕೈಗೆ ಕೊಡಲು ಸಂಘ ತೀರ್ಮಾನಿಸಿದೆ. ಇಡುವುದು ಬಿಡುವುದು ಅವರ ವಿವೇಕ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಮುಂದಿನ ರಾಜ್ಯೋತ್ಸವದ ದಿನ ಊಟದ ಮೇಜಿನ ಪಕ್ಕದಲ್ಲಿ ಒಂದು ಪುಸ್ತಕದ ಪೆಟ್ಟಿಗೆ ಇರುತ್ತದೆ. ಊರಿಗೆ ಹೋಗುವವರು ಸೂಟ್‌ಕೇಸಿನಲ್ಲಿ ಹಪ್ಪಳ, ಸಾರಿನ ಪುಡಿಗಳ ನಡುವೆ ಒಂದು ಕನ್ನಡ ಪುಸ್ತಕಕ್ಕೆ ಜಾಗ ಮಾಡಿ; ಇಲ್ಲಿರುವವರು ಇಲ್ಲಿನ ಒಂದು ಪುಸ್ತಕವನ್ನು ತನ್ನಿ. ಓದಿ ಹಿಂದಿರುಗಿಸಿದರೆ ಸಾಕು, ಬಾಡಿಗೆ ಇಲ್ಲ.

ಪೆನ್ಸಿಲ್ ಕೊಂಡ ಆ ಹುಡುಗಿಗೆ ಕಳೆದ ಭಾನುವಾರ ಈ ಪಟ್ಟಿಯನ್ನು ಓದಿ ಹೇಳಿದೆವು. ಬಳ್ಳಾರಿಯ ಹೆಸರು ಬಂದಾಗ ತಲೆಯೆತ್ತಿ, "ಅದು ನಮ್ಮ ಅಜ್ಜಿಯ ಊರು" ಎಂದಳು. ಬರುವ ರಜೆಯಲ್ಲಿ ಸಿಟಿ ಪಾರ್ಕಿಗೂ ಹೋಗೋಣ ಎಂದು ಮಾತಾಗಿದೆ. ಬರಲು ಇಚ್ಛಿಸುವ ಕುಟುಂಬಗಳು ದಯವಿಟ್ಟು ಮುಂಚಿತವಾಗಿ ಹೆಸರು ಕೊಡಬೇಕಾಗಿ ವಿನಂತಿ. ಬಸ್ಸಿನಲ್ಲಿ ಇಪ್ಪತ್ತೆಂಟು ಸೀಟು ಮಾತ್ರ ಇವೆ.